ಕಂದು ಸ್ವೆಟರಿನ ಎಡತೋಳು

ನನ್ನ ಬೆನ್ನ ಹಿಂದೆ ಮಕ್ಕಳು ನನ್ನನ್ನು ಸೋಪು ಮಿಸ್ ಅನ್ನುತ್ತಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ. ಇಪ್ಪತ್ತಾರು ವರ್ಷ ಒಂದೇ ಕಟ್ಟಡದಲ್ಲಿ ಆರೋಗ್ಯ ಶಿಕ್ಷಣ ಹೇಳಿಕೊಟ್ಟವಳಿಗೆ ಗೋಡೆಗಳೂ ಚಾಡಿ ಹೇಳುತ್ತವೆ. ಆರು, ಏಳು, ಎಂಟನೇ ತರಗತಿಗಳಿಗೆ ವಾರಕ್ಕೊಂದು ಪೀರಿಯಡ್, ಅದೂ ದಿನದ ಕೊನೆಯದು. ಆ ಹೊತ್ತಿಗೆ ಮಕ್ಕಳ ಮೈ ಬೆಂಚಿನ ಮೇಲೆ, ಜೀವ ಗೇಟಿನ ಹತ್ತಿರ. ಹಲ್ಲು, ಉಗುರು, ಹೇನು, ಹರೆಯ, ಕೆಮ್ಮು ಬಂದರೆ ಮೊಣಕೈ ಅಡ್ಡ ಹಿಡಿಯುವುದು, ಇಷ್ಟೇ ನನ್ನ ಸರಕು. ಜೊತೆಗೆ ಸೊಂಟದವರೆಗಿನ ಒಂದು ಪ್ಲಾಸ್ಟಿಕ್ ಬೊಂಬೆ ಇದೆ. ಎಂಟು ವರ್ಷದ ಹಿಂದೆ ಅದರ ಪಿತ್ತಕೋಶ, ಯಕೃತ್ತು ಎರಡನ್ನೂ ಯಾರೋ ಎಗರಿಸಿದರು. ಅವತ್ತಿನಿಂದ ಆ ಜಾಗದಲ್ಲಿ ಡಸ್ಟರ್ ಇಡುತ್ತೇನೆ.

ನನ್ನ ಪಾಠಗಳಲ್ಲೆಲ್ಲ ಮಕ್ಕಳು ಬಾಯಿ ಬಿಟ್ಟುಕೊಂಡು ಕೂರುವುದು ಒಂದೇ ಒಂದಕ್ಕೆ. ಅದು ನೇರಳೆ ದೀಪದ ಪಾಠ. ನನ್ನ ಹತ್ತಿರ ಒಂದು ಡಬ್ಬಿ ಪುಡಿ ಇದೆ. ಕೈಗೆ ಹಚ್ಚಿಕೊಂಡರೆ ಕಾಣುವುದಿಲ್ಲ, ನೇರಳೆ ದೀಪ ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ಬೆಳಿಗ್ಗೆ ಯಾರಿಗೂ ಹೇಳದೆ ನನ್ನ ಬಲ ಅಂಗೈಗೆ ಹಚ್ಚಿಕೊಂಡು ಇಡೀ ದಿನ ಶಾಲೆಯಲ್ಲಿ ಓಡಾಡುತ್ತೇನೆ. ಕೊನೆಯ ಪೀರಿಯಡ್‌ನಲ್ಲಿ ಕಿಟಕಿಗಳಿಗೆ ಕಪ್ಪು ಚಾರ್ಟ್ ಅಂಟಿಸಿ, ಕತ್ತಲೆ ಮಾಡಿ, ದೀಪ ಹಾಕುತ್ತೇನೆ. ಒಬ್ಬನ ಕೆನ್ನೆ, ಇನ್ನೊಬ್ಬಳ ಜಡೆ, ಮತ್ತೊಬ್ಬನ ಟಿಫಿನ್ ಡಬ್ಬಿ, ನಾನು ಹತ್ತಿರವೂ ಸುಳಿಯದವನ ಮೂಗಿನ ತುದಿ ಕೂಡ ಹಸಿರು. ಕಿರುಚಾಟವೋ ಕಿರುಚಾಟ. ಕಾಯಿಲೆ ಹೀಗೇ ಹರಡುತ್ತೆ ಅಂತ ಹೇಳಿ, ಎಲ್ಲರನ್ನೂ ನಲ್ಲಿಗೆ ಓಡಿಸಿ, ಕೈ ತೊಳೆಸಿ, ಮತ್ತೆ ದೀಪ ಬಿಟ್ಟು ತೋರಿಸುತ್ತೇನೆ. ಹಸಿರು ಮಾಯ. ಪಾಠ ಮುಗಿಯಿತು.

ಈ ವರ್ಷ ಹೆಡ್‌ಮಾಸ್ಟರು ನನ್ನನ್ನು ಕರೆದು, ಎದುರಿನ ಕುರ್ಚಿ ತೋರಿಸಿದರು. ಅವರು ಕುರ್ಚಿ ತೋರಿಸಿದರೆ ಸುದ್ದಿ ಚೆನ್ನಾಗಿಲ್ಲ ಅಂತಲೇ ಲೆಕ್ಕ.

“ಮೇಡಂ, ಆರೋಗ್ಯದ ಪೀರಿಯಡ್‌ನ ಗಣಿತಕ್ಕೆ ಕೊಡೋಣ ಅಂತ ಮೇಲಿಂದ ಮಾತು ಬಂದಿದೆ. ಸೋಮವಾರ ಇಲಾಖೆಯ ಸಾಹೇಬರು ಬರ್ತಾರೆ. ನಿಮ್ಮ ಒಂದು ಪಾಠ ನೋಡ್ತಾರಂತೆ. ಅವರಿಗೆ ಹಿಡಿಸಿದ್ರೆ ಪೀರಿಯಡ್ ಇರುತ್ತೆ.”

“ಹಿಡಿಸದಿದ್ರೆ?”

“ನಿಮ್ಮನ್ನ ದಾಖಲೆ ಕೋಣೆಗೆ ಹಾಕ್ತೀವಿ. ಫ್ಯಾನ್ ಇದೆ ಅಲ್ಲಿ.”

ಫ್ಯಾನ್ ಇದೆಯಂತೆ. ಗಣಿತದ ಮೇಷ್ಟ್ರು ಮೂರು ವರ್ಷದಿಂದ ನನ್ನ ಪೀರಿಯಡ್ ಹಿಂದೆ ಕೈ ತೊಳೆದುಕೊಂಡು ಬಿದ್ದಿದ್ದಾರೆ. ಅವರು ತೊಳೆದುಕೊಳ್ಳುವ ಕೈ ಅದೊಂದೇ, ಊಟಕ್ಕೆ ಮುಂಚೆ ತೊಳೆದದ್ದನ್ನು ನಾನಂತೂ ಕಂಡಿಲ್ಲ. ಆದರೆ ನನಗೆ ಭಯವಾದದ್ದು ಮೇಷ್ಟ್ರಿಂದಲ್ಲ. ಅಮ್ಮ ಹೋಗಿ ಹತ್ತಿರ ಹತ್ತಿರ ಒಂದು ವರ್ಷ. ಮನೆಯಲ್ಲಿ ನಾನೊಬ್ಬಳೇ. ಬೀಗ ತೆಗೆದು ಒಳಗೆ ಹೋದರೆ ಮತ್ತೆ ಬೆಳಿಗ್ಗೆ ಬೀಗ ಹಾಕುವವರೆಗೆ ನನ್ನ ದನಿ ನನಗೇ ಕೇಳುವುದಿಲ್ಲ. ಈ ಪೀರಿಯಡ್ ಹೋದರೆ ಜನರ ಜೊತೆ ನನಗಿರುವ ಕೊನೆಯ ಕೊಂಡಿ ಕಳಚಿದ ಹಾಗೆ. ದಾಖಲೆ ಕೋಣೆಯ ಕಾಗದಗಳಿಗೆ ಹಲ್ಲೂ ಇಲ್ಲ, ಉಗುರೂ ಇಲ್ಲ.

ಸಾಹೇಬರ ಮುಂದೆ ಎಡವಬಾರದೆಂದು ಶುಕ್ರವಾರವೇ ಏಳನೇ ತರಗತಿಯಲ್ಲಿ ಒಮ್ಮೆ ಮಾಡಿ ನೋಡಲು ಹೊರಟೆ. ಎಲ್ಲ ಶಾಲೆಗಳಲ್ಲೂ ನಡೆಯುವುದು ಹೀಗೇ. ಸಾಹೇಬರಿಗೆ ಮೊದಲ ಸಲ ಕಾಣುವುದನ್ನು ಮಕ್ಕಳು ಎರಡನೇ ಸಲ ನೋಡುತ್ತಿರುತ್ತಾರೆ, ಕಣ್ಣು ಅಗಲಿಸುವುದನ್ನೂ ನಾವೇ ಕಲಿಸಿರುತ್ತೇವೆ. ಬೆಳಿಗ್ಗೆ ಪುಡಿ ಹಚ್ಚಿಕೊಂಡೆ. ಹಾಜರಿ ತೆಗೆದೆ, ಸ್ಟಾಫ್ ರೂಮಿನಲ್ಲಿ ಕೈ ತೊಳೆದು ಊಟ ಮಾಡಿ ಮತ್ತೆ ಪುಡಿ ಹಚ್ಚಿಕೊಂಡೆ, ಕಾರಿಡಾರಿನಲ್ಲಿ ಓಡಾಡಿದೆ. ಕೊನೆಯ ಪೀರಿಯಡ್‌ನಲ್ಲಿ ಚಾರ್ಟ್ ಅಂಟಿಸಿ ದೀಪ ಹಾಕಿದೆ.

ನನ್ನ ಅಂಗೈ ಹೊಳೆಯಿತು. ಹಾಜರಿ ಪುಸ್ತಕ, ಸೀಮೆಸುಣ್ಣ, ಬಾಗಿಲ ಚಿಲಕ, ಬೊಂಬೆಯ ಹೊಟ್ಟೆಯೊಳಗಿನ ಡಸ್ಟರ್ ಹೊಳೆದವು. ಹುಡುಗರ ಬಿಳಿ ಅಂಗಿಗಳು ದೀಪಕ್ಕೆ ಎಂದಿನಂತೆ ನೀಲಿಯಾಗಿ ಕಂಡವು. ಹಸಿರು ಮಾತ್ರ ಯಾರ ಮೇಲೂ ಇರಲಿಲ್ಲ. ಮೂವತ್ತೊಂದು ಮಕ್ಕಳು ಕೈ ಚಾಚಿ, ತಿರುಗಿಸಿ, ಮಗುಚಿ ನೋಡಿಕೊಂಡರು. ಒಂದು ಚುಕ್ಕೆಯೂ ಇಲ್ಲ.

ಮೊದಲು ಬಾಯಿಬಿಟ್ಟವನು ತರಗತಿಯ ಬಾಯಿಬಡುಕ. ಅವನನ್ನು ಹಾಗೆ ಕರೆದರೆ ಅವನಿಗೆ ಹೆಮ್ಮೆ.

“ಮಿಸ್, ನಿಮ್ಮ ಹತ್ರ ಕಾಯಿಲೆ ಕೂಡ ಬರೋಕೆ ಹೆದರುತ್ತೆ!”

ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಂದಿನ ಬೆಂಚಿನಿಂದ ಆರೋಗ್ಯ ಮಂತ್ರಿ ಎದ್ದು ನಿಂತಳು. ನಮ್ಮಲ್ಲಿ ಮಕ್ಕಳದ್ದೇ ಒಂದು ಮಂತ್ರಿಮಂಡಲ ಇದೆ. ಆರೋಗ್ಯ ಖಾತೆ ಇವಳದು. ಹನ್ನೆರಡು ವರ್ಷ, ಎರಡು ಜಡೆ, ಉಗುರು ನೋಡುವಾಗ ಪೊಲೀಸಿನವಳ ಮುಖ. ಊಟದ ಹೊತ್ತಿಗೆ ನಲ್ಲಿಯ ಪಕ್ಕ ನಿಂತು, ಬೆರಳ ಸಂದು ಉಜ್ಜದವರನ್ನು ವಾಪಸ್ ಕಳಿಸುತ್ತಾಳೆ. ನಾನು ಚಿಕ್ಕವಳಿದ್ದಾಗ ಹೀಗೇ ಇದ್ದೆ ಅಂತ ಅಮ್ಮ ಇದ್ದಿದ್ದರೆ ಹೇಳುತ್ತಿದ್ದಳು.

“ಪುಡಿ ಹಳೇದಾಗಿದೆ ಮಿಸ್. ಅಂಟಿಕೊಳ್ಳೋ ಶಕ್ತಿ ಹೋಗಿರುತ್ತೆ,” ಅಂದಳು ಗಂಭೀರವಾಗಿ.

ಅವಳ ಮಾತಿಗೇ ನಾನೂ ಜೋತುಬಿದ್ದೆ. ಪುಡಿ ಹಳೆಯದು, ಅಷ್ಟೇ. ಆದರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ನನ್ನ ತಲೆ ಸುಮ್ಮನಿರಲಿಲ್ಲ. ಪುಡಿ ಹತ್ತಬೇಕಾದರೆ ಮುಟ್ಟಬೇಕಲ್ಲ, ಇವತ್ತು ನಾನು ಯಾರನ್ನು ಮುಟ್ಟಿದೆ? ಯಾರನ್ನೂ ಇಲ್ಲ. ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಕಾರಿಡಾರಿನಲ್ಲಿ ನಾನು ಬಂದರೆ ಮಕ್ಕಳು ಗೋಡೆಗೆ ಅಂಟಿಕೊಳ್ಳುತ್ತಾರೆ. ನಿನ್ನೆ? ನಿನ್ನೆಯೂ ಇಲ್ಲ. ಹೋದ ವಾರ, ಹೋದ ತಿಂಗಳು ಅಂತ ಹಿಂದೆ ಹಿಂದೆ ಹೋದೆ. ಕೊನೆಗೆ ಸಿಕ್ಕಿದ್ದು ಒಬ್ಬ ನರ್ಸ್. ಆಸ್ಪತ್ರೆಯಲ್ಲಿ, ಎಲ್ಲ ಮುಗಿದ ಮೇಲೆ, ನನ್ನ ಮೊಣಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದ್ದಳು. ಹನ್ನೊಂದು ತಿಂಗಳಾಯಿತು. ನನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದೆ.

ಮುಂಚೆ ಹೀಗಿರಲಿಲ್ಲ. ಆರು ವರ್ಷ ಅಮ್ಮನನ್ನು ಎಬ್ಬಿಸಿ, ಕೂರಿಸಿ, ಮೀಯಿಸಿ, ತಲೆ ಬಾಚಿ ನನ್ನ ಕೈಗಳಿಗೆ ಬಿಡುವೇ ಇರಲಿಲ್ಲ. ಆ ಅಭ್ಯಾಸದಲ್ಲಿ ಶಾಲೆಯಲ್ಲೂ ಎದುರಿಗೆ ಸಿಕ್ಕ ಮಗುವಿನ ಕಾಲರ್ ಸರಿಮಾಡುತ್ತಿದ್ದೆ, ಹಣೆ ಮುಟ್ಟಿ ಜ್ವರ ನೋಡುತ್ತಿದ್ದೆ. ಅಮ್ಮ ಹೋದ ಮೇಲೆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಕಟ್ಟಿಕೊಂಡು ನಿಲ್ಲತೊಡಗಿದೆ. ಕೈ ಕಟ್ಟಿ ನಿಂತವಳ ಹತ್ತಿರ ಯಾವ ಮಗು ಬರುತ್ತದೆ?

ಶನಿವಾರ ಅರ್ಧ ದಿನ. ಇವತ್ತು ನಾಲ್ಕು ಜನರನ್ನಾದರೂ ಮುಟ್ಟಿ ಅಭ್ಯಾಸ ಮಾಡಿಕೊಳ್ಳಬೇಕೆಂದು ನಿರ್ಧರಿಸಿ ಹೋದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ಗಣಿತದ ಮೇಷ್ಟ್ರಿಗೆ ಕೈ ಚಾಚಿ, “ನಿಮ್ಮ ಎಂಟನೇ ಕ್ಲಾಸಿನ ಫಲಿತಾಂಶ ಚೆನ್ನಾಗಿ ಬಂದಿದೆ, ಅಭಿನಂದನೆ,” ಅಂದೆ. ಅವರು ನನ್ನ ಕೈಯನ್ನೇ ನೋಡಿ, “ಅಯ್ಯೋ ಬೇಡ ಮೇಡಂ, ನನ್ನ ಕೈ ತುಂಬ ಸೀಮೆಸುಣ್ಣ. ಆಮೇಲೆ ನೀವು ಬೈತೀರಿ,” ಎಂದು ಕೈಯನ್ನು ಜೇಬಿಗೆ ಹಾಕಿಕೊಂಡರು. ಮೆಟ್ಟಿಲ ಹತ್ತಿರ ಆರನೇ ತರಗತಿಯ ಒಂದು ಪುಟ್ಟ ಹುಡುಗಿಯ ತಲೆ ಸವರಲು ಕೈ ಎತ್ತಿದೆ. ಅವಳು ಹೊಡೆಯುತ್ತೇನೆಂದು ಕಣ್ಣು ಮುಚ್ಚಿ ಭುಜ ಕುಗ್ಗಿಸಿದಳು. “ಉಗುರು ಕತ್ತರಿಸಿದೀನಿ ಮಿಸ್,” ಎಂದು ಎರಡೂ ಕೈ ಮುಂದೆ ಹಿಡಿದಳು. ನಾನು ಉಗುರು ನೋಡಿದವಳಂತೆ ನಟಿಸಿ, “ಜಾಣೆ,” ಎಂದು ಹೊರಟೆ.

ದೀಪವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ. ಪುಡಿಯದ್ದೇ ತಪ್ಪೋ ನನ್ನದೋ ನೋಡಿಬಿಡಬೇಕಿತ್ತು. ಪುಡಿ ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆಯೇ, ಹತ್ತಿದರೆ ಉಳಿಯುತ್ತದೆಯೇ ಎಂದು ಪರೀಕ್ಷಿಸಲು ನನ್ನ ಮನೆಯಲ್ಲಿ ಎರಡನೆಯ ಮನುಷ್ಯರಿಲ್ಲ. ಆದರೆ ಕಪಾಟಿನ ಮೇಲೆ ಆಸ್ಪತ್ರೆಯ ಚೀಲವಿತ್ತು.

ಹೋದ ವರ್ಷ ಇದೇ ಪಾಠ ಮಾಡುತ್ತಿದ್ದೆ. ಮಕ್ಕಳನ್ನು ಇನ್ನೇನು ನಲ್ಲಿಗೆ ಕಳಿಸಬೇಕು, ಪಕ್ಕದ ಮನೆಯಾಕೆಯ ಫೋನ್ ಬಂತು. ಅಮ್ಮ ಬಚ್ಚಲಲ್ಲಿ ಬಿದ್ದಿದ್ದಾಳೆ. ಓಡಿದೆ. ಕೈ ತೊಳೆಯಲಿಲ್ಲ. ಸೋಪು ಮಿಸ್ ಕೈ ತೊಳೆಯದೆ ಹೋದದ್ದು ಜೀವಮಾನದಲ್ಲಿ ಅದೊಂದೇ ದಿನ. ಅಮ್ಮನನ್ನು ಆ ಕೈಯಲ್ಲೇ ಎತ್ತಿದೆ, ಆಂಬುಲೆನ್ಸಿನಲ್ಲಿ ಅವಳ ಕೈಯನ್ನು ಆ ಕೈಯಲ್ಲೇ ಹಿಡಿದುಕೊಂಡೆ. ತಲೆಗೆ ಪೆಟ್ಟಾಗಿತ್ತು. ಮೂರನೇ ದಿನ ಹೋದಳು. ಅವತ್ತು ನಾನು ತೊಟ್ಟಿದ್ದ ಕಂದು ಸ್ವೆಟರನ್ನೂ ಅಮ್ಮನ ಬಟ್ಟೆಗಳನ್ನೂ ಒಂದೇ ಚೀಲಕ್ಕೆ ತುರುಕಿ, ಗಂಟು ಬಿಗಿದು ಕಪಾಟಿನ ಮೇಲೆ ಎಸೆದವಳು ಮತ್ತೆ ಮುಟ್ಟಿರಲಿಲ್ಲ. ತಂಗಿ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಈ ಭಾನುವಾರವೂ ಕೇಳಿದಳು.

“ಅಕ್ಕಾ, ಆ ಚೀಲ ಬಿಚ್ಚಿದ್ಯಾ?”

“ಇವತ್ತು ಬಿಚ್ತೀನಿ ಕಣೇ.”

“ಹೋದ ವಾರವೂ ಇದನ್ನೇ ಹೇಳ್ದೆ.”

“ಇವತ್ತು ಕೆಲಸ ಇದೆ ಅದರಲ್ಲಿ,” ಅಂದೆ. ಅವಳಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ.

ಮಧ್ಯಾಹ್ನ ಮೂರು ಗಂಟೆ. ಪರದೆ ಎಳೆದು, ಸಂದುಗಳಿಗೆ ಟವೆಲ್ ತುರುಕಿದೆ. ಗಂಟನ್ನು ಬಿಚ್ಚಲಾಗದೆ ಕತ್ತರಿಯಿಂದ ಕತ್ತರಿಸಿದೆ. ಔಷಧದ ವಾಸನೆ, ಅದರ ಕೆಳಗೆ ಅಮ್ಮ ಹಚ್ಚುತ್ತಿದ್ದ ಪೌಡರಿನ ವಾಸನೆ. ಸ್ವೆಟರನ್ನು ಹಾಸಿಗೆಯ ಮೇಲೆ ಹರಡಿ ದೀಪ ಬಿಟ್ಟೆ. ಎಡತೋಳಿನ ಮೇಲೆ ಅಲ್ಲೊಂದು ಇಲ್ಲೊಂದು ಹಸಿರು ಪಟ್ಟೆ. ಏನೆಂದು ತಿಳಿಯಲಿಲ್ಲ. ತೊಟ್ಟುಕೊಂಡು ನೋಡೋಣವೆಂದು ತೋಳು ತೂರಿಸಿದೆ. ಬಟ್ಟೆಯೊಳಗೆ ಕೈ ತುಂಬಿಕೊಂಡ ಕೂಡಲೇ ಪಟ್ಟೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು. ನಾಲ್ಕು ಬೆರಳು ಮೇಲೆ, ಹೆಬ್ಬೆರಳು ಕೆಳಗೆ. ಕಿರುಬೆರಳು ಹೊರಕ್ಕೆ ಬಾಗಿತ್ತು. ನಾನು ಹುಟ್ಟುವ ಮುಂಚೆ ಯಾವುದೋ ಬಾಗಿಲಿಗೆ ಸಿಕ್ಕಿ ಮುರಿದು, ಸೊಟ್ಟಗೇ ಕೂಡಿಕೊಂಡ ಬೆರಳು. ಆಂಬುಲೆನ್ಸ್ ಒಮ್ಮೆ ಜೋರಾಗಿ ತಿರುಗಿದಾಗ ಅಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನನ್ನ ಕೈಯಿಂದ ಅವಳ ಕೈಗೆ ಹೋದದ್ದು, ಅವಳ ಕೈಯಿಂದ ನನ್ನ ತೋಳಿಗೆ ವಾಪಸ್ ಬಂದಿತ್ತು. ಅಮ್ಮ ಇನ್ನೂ ನನ್ನನ್ನು ಹಿಡಿದುಕೊಂಡೇ ಇದ್ದಳು.

ಅತ್ತುಬಿಟ್ಟೆ. ಹನ್ನೊಂದು ತಿಂಗಳಿಂದ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅವತ್ತು ಅತ್ತು ಮುಗಿಸಿದೆ. ಆಮೇಲೆ ಸ್ವೆಟರನ್ನು ಹಸುಗೂಸನ್ನು ಸುತ್ತುವ ಹಾಗೆ ಮಡಚಿ, ಎಡತೋಳು ಎಲ್ಲಿಗೂ ಉಜ್ಜದಂತೆ ಒಂದು ಸ್ವಚ್ಛ ಕವರಿನಲ್ಲಿಟ್ಟೆ. ಪುಡಿಯದ್ದೇನೂ ತಪ್ಪಿರಲಿಲ್ಲ.

ಸೋಮವಾರ ಅಂಗೈಗೆ ಧಾರಾಳವಾಗಿ ಪುಡಿ ಹಚ್ಚಿಕೊಂಡು ಹೋದೆ. ಆದರೆ ಒಂದು ವರ್ಷದಲ್ಲಿ ಕಟ್ಟಿದ ಕೈ ಒಂದು ದಿನದಲ್ಲಿ ಬಿಚ್ಚುವುದಿಲ್ಲ. ಮಕ್ಕಳು ಗೋಡೆಗೆ ಅಂಟಿದರು, ನಾನು ನಡುವೆ ನಡೆದೆ. ಸ್ವೆಟರ್ ಮಾತ್ರ ನನ್ನ ಚೀಲದಲ್ಲಿತ್ತು. ಮಕ್ಕಳ ಮೇಲೆ ಏನೂ ಕಾಣದಿದ್ದರೆ ಇದನ್ನು ದೂರದಿಂದ ತೋರಿಸುವುದು, ತೊಳೆಯದಿದ್ದರೆ ವರ್ಷವಾದರೂ ಹೋಗುವುದಿಲ್ಲ ನೋಡಿ ಅನ್ನುವುದು, ಮಡಚಿ ಒಳಗಿಡುವುದು, ಇಷ್ಟೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಸಾಹೇಬರು ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ಟರ ಪಕ್ಕ ಕೂತರು. ಮೊಣಕಾಲು ಬೆಂಚಿನ ಕೆಳಗೆ ಹಿಡಿಸದೆ ಪಕ್ಕಕ್ಕೆ ತಿರುಗಿಸಿಕೊಂಡಿದ್ದರು. ಕತ್ತಲೆ ಮಾಡಿ ದೀಪ ಹಾಕಿದೆ. ಮಕ್ಕಳು ಹೇಳಿಕೊಟ್ಟ ಹಾಗೆಯೇ “ಓ!” ಅಂದರು. ಅಂದಮೇಲೆ ನೋಡಿಕೊಂಡರೆ ಯಾರ ಮೇಲೂ ಏನೂ ಇಲ್ಲ. ಆ “ಓ” ಅರ್ಧಕ್ಕೇ ನಿಂತಿತು.

“ಎಲ್ಲಿ ಮೇಡಂ? ನನಗೇನೂ ಕಾಣ್ತಿಲ್ಲ,” ಅಂದರು ಸಾಹೇಬರು. ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಹುಡುಕುತ್ತಿದ್ದರು.

ಕತ್ತಲಲ್ಲೇ ಸ್ವೆಟರ್ ತೊಟ್ಟು, ಎಡತೋಳನ್ನು ದೀಪದ ಕೆಳಗೆ ಹಿಡಿದೆ. ಮಕ್ಕಳೆಲ್ಲ ಬೆಂಚಿನಿಂದ ಮುಂದಕ್ಕೆ ಬಾಗಿದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

“ಯಾರ ಕೈ ಮಿಸ್ ಅದು?” ಎಂದ ಬಾಯಿಬಡುಕ, ಮೊದಲ ಸಲ ಮೆಲ್ಲಗೆ.

“ನಮ್ಮಮ್ಮಂದು. ಹೋದ ವರ್ಷ ಆಸ್ಪತ್ರೆಗೆ ಹೋಗುವಾಗ ಹಿಡ್ಕೊಂಡಿದ್ರು. ಅವತ್ತು ನಾನು ಕೈ ತೊಳೆದಿರಲಿಲ್ಲ.”

“ಈಗ ಅವರು...”

“ಇಲ್ಲ.”

ಆರೋಗ್ಯ ಮಂತ್ರಿ ಎದ್ದು ನಿಂತಳು. “ಸ್ವೆಟರ್ ಒಗೀಲಿಲ್ವಾ ಮಿಸ್?”

“ಇಲ್ಲ ಕಣಮ್ಮ.”

“ಒಂದು ವರ್ಷ?” ಅವಳ ಮುಖದಲ್ಲಿ ಪೊಲೀಸಿನವಳು ಬಂದು ಹೋದಳು. ಆಮೇಲೆ ಏನೋ ಹೊಳೆದವಳಂತೆ ಕೂತಳು.

“ಮಿಸ್, ಮುಟ್ಟಿ ನೋಡ್ಲಾ?” ಎಂದ ಬಾಯಿಬಡುಕ.

ಬೇಡ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಮುಟ್ಟಿದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಪ್ಪತ್ತಾರು ವರ್ಷದಿಂದ ಅದನ್ನೇ ಹೇಳಿಕೊಟ್ಟಿದ್ದೇನೆ. ಒಬ್ಬೊಬ್ಬರು ಮುಟ್ಟಿದ ಹಾಗೂ ಒಂದೊಂದು ಬೆರಳು ಅಳಿಸಿಹೋಗುತ್ತದೆ. ನಿನ್ನೆ ಸಿಕ್ಕಿದ ಅಮ್ಮನನ್ನು ಇವತ್ತೇ ಕಳೆದುಕೊಳ್ಳಬೇಕು. ಆದರೆ ಆ ಹುಡುಗ ಬೆಂಚಿನಿಂದ ಅರ್ಧ ಎದ್ದು, ಕೈ ಮುಂದೆ ಚಾಚಿಕೊಂಡು ನಿಂತಿದ್ದ. ಒಂದು ವರ್ಷದಲ್ಲಿ ನನ್ನನ್ನು ಮುಟ್ಟಲು ಚಾಚಿದ ಮೊದಲ ಕೈ ಅದು.

“ಬಾ,” ಅಂದೆ.

ಅವನು ಒಂದು ಬೆರಳಿಂದ ಮುಟ್ಟಿದ. ಅವನ ಬೆರಳ ತುದಿ ಹಸಿರಾಯಿತು. ಆಮೇಲೆ ಯಾರೂ ಕೇಳಲಿಲ್ಲ, ಸಾಲಾಗಿ ಬಂದರು. ಕೆಲವರು ಚುಚ್ಚಿ ನೋಡಿದರು, ಕೆಲವರು ಸವರಿದರು, ಒಬ್ಬಳು ತನ್ನ ಅಂಗೈಯನ್ನು ಅಮ್ಮನ ಅಂಗೈ ಮೇಲೆ ಇಟ್ಟು ಅಳತೆ ನೋಡಿದಳು. ಬಾಯಿಬಡುಕ ಅಷ್ಟರಲ್ಲಿ ಗೆಳೆಯನ ಕೆನ್ನೆ ಚಿವುಟಿದ್ದ, ಗೆಳೆಯ ಇನ್ನೊಬ್ಬನ ಕಿವಿ ಹಿಂಡಿದ್ದ. ಕೆನ್ನೆ, ಕಿವಿ, ಜಡೆಯ ರಿಬ್ಬನ್, ಬೆಂಚು ಎಲ್ಲ ಹಸಿರು. ಕಿರುಚಾಟ ಶುರುವಾಯಿತು. ಸಾಹೇಬರೂ ಎದ್ದು ಬಂದು ತೋಳು ಮುಟ್ಟಿ, ಪೆನ್ನಿನ ಮೇಲೆ ಬಂದ ಕಲೆಯನ್ನು ನೋಡಿ ಚಿಕ್ಕ ಹುಡುಗನ ಹಾಗೆ ನಕ್ಕರು. ನಾನು ತೋಳು ಚಾಚಿಕೊಂಡೇ ನಿಂತಿದ್ದೆ. ನಮ್ಮಮ್ಮ ಏಳನೇ ತರಗತಿಯ ತುಂಬ ಹರಡಿಹೋದಳು.

ಕೊನೆಯವನು ಮುಟ್ಟಿ ಹೋದ ಮೇಲೆ ತೋಳು ನೋಡಿಕೊಂಡೆ. ಬೆರಳುಗಳಿರಲಿಲ್ಲ. ಒಂದು ಮಸುಕಾದ ಹಸಿರು ಮೋಡ, ಅಷ್ಟೇ. ಹೊಟ್ಟೆಯೊಳಗಿಂದ ಏನನ್ನೋ ಕಿತ್ತ ಹಾಗಾಯಿತು. ಬೊಂಬೆಯ ಪಾಡು ಇದೇ ಇರಬೇಕು ಅನಿಸಿತು.

“ಈಗ ಎಲ್ಲರೂ ನಲ್ಲಿಗೆ,” ಅಂದೆ. ಪಾಠ ಮುಗಿಸಲೇಬೇಕಲ್ಲ. ಓಡಿದರು, ಬೆರಳ ಸಂದು, ಹೆಬ್ಬೆರಳು, ಮಣಿಕಟ್ಟು ಉಜ್ಜಿ ಬಂದರು. ಸಾಲಿನಲ್ಲಿ ಬಂದ ಒಬ್ಬೊಬ್ಬರ ಕೈಗೂ ದೀಪ ಬಿಟ್ಟೆ. ಸ್ವಚ್ಛ, ಸ್ವಚ್ಛ, ಸ್ವಚ್ಛ. ಸಾಹೇಬರು ಭೇಟಿ ಪುಸ್ತಕದಲ್ಲಿ ಏನೋ ಬರೆದರು. ಹೆಡ್‌ಮಾಸ್ಟರು ಇಣುಕಿ ಓದಿ, “ಪೀರಿಯಡ್ ಉಳೀತು ಮೇಡಂ,” ಎಂದು ಪಿಸುಗುಟ್ಟಿ ಅವರ ಹಿಂದೆ ಹೋದರು. ಗಂಟೆ ಹೊಡೆಯಿತು. ಮಕ್ಕಳು ಗೇಟಿನ ಕಡೆ ಹಾರಿದರು. ಗೆದ್ದಿದ್ದೆ. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ ಅನ್ನುವುದು ಅದರ ಬೆನ್ನಿಗೇ ನೆನಪಾಯಿತು.

ಚಾರ್ಟ್ ಕಿತ್ತು ಸುತ್ತಿಡೋಣವೆಂದು ತಿರುಗಿದರೆ ಆರೋಗ್ಯ ಮಂತ್ರಿ ಇನ್ನೂ ಅಲ್ಲೇ ಇದ್ದಳು. ಬಲಗೈ ಬೆನ್ನ ಹಿಂದೆ.

“ಎಲ್ಲಿ, ತೋರಿಸು.”

ತೋರಿಸಿದಳು. ದೀಪ ಬಿಟ್ಟೆ. ಹೆಬ್ಬೆರಳಿಂದ ಕಿರುಬೆರಳವರೆಗೆ, ಅಂಗೈ ಪೂರ್ತಿ ಹಸಿರು. ಅಳತೆ ನೋಡಿದವಳು ಇವಳೇ.

“ತೊಳೀಲಿಲ್ವಾ?”

“ಇಲ್ಲ ಮಿಸ್.” ತಲೆ ತಗ್ಗಿಸಿದಳು. “ಎಲ್ಲರೂ ತೊಳೆದ್ಬಿಟ್ರೆ ನಿಮಗೆ ಉಳಿಯಲ್ವಲ್ಲ. ವಾಪಸ್ ಕೊಡೋಣ ಅಂತ ಇಟ್ಕೊಂಡಿದ್ದೆ.”

ನಲ್ಲಿಯ ಕಡೆ ಬೆರಳು ತೋರಿಸಬೇಕಾದವಳು ಎಡತೋಳು ಚಾಚಿದೆ. ಅವಳು ಹತ್ತಿರ ಬಂದು, ಜಾಗ ಸರಿಯಾಗಿ ನೋಡಿ, ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾಲ್ಕು ಬೆರಳು ಮೇಲೆ, ಹೆಬ್ಬೆರಳು ಕೆಳಗೆ. ಆಮೇಲೆ ಏನೋ ನೆನಪಾಗಿ, ಕಿರುಬೆರಳನ್ನು ಇನ್ನೊಂದು ಕೈಯಿಂದ ಹೊರಕ್ಕೆ ಬಾಗಿಸಿ ಒತ್ತಿದಳು.